ಆಪರೇಷನಲ್ ರೀಸನ್

ಹುಬ್ಬಳ್ಳಿಯವರಿಗೆ ಈ ಕಥೆ ಗೊತ್ತೇ ಇದೆ, ಆದರೂ ಇನ್ನೊಮ್ಮೆ ಹೇಳ್ತೀನಿ. 2025ರ ಡಿಸೆಂಬರ್ ಮೊದಲ ವಾರ, ಗುಜರಾತ್ ಭವನದಲ್ಲಿ ಒಂದು ಆರತಕ್ಷತೆ. ಹಾಲ್ ರೆಡಿ, ಊಟ ರೆಡಿ, ಕರೆದವರೆಲ್ಲ ಬಂದಾಗಿದೆ. ಮದುಮಕ್ಕಳು ಮಾತ್ರ ಇಲ್ಲ. ಅವರು ಭುವನೇಶ್ವರದಲ್ಲಿ. ಇಂಡಿಗೋ ವಿಮಾನ ಈಗ ಹೊರಡುತ್ತೆ, ಇನ್ನೇನು ಹೊರಡುತ್ತೆ ಅಂತ ಕಾಯಿಸಿ ಕಾಯಿಸಿ ಕೊನೆಗೆ ರದ್ದಾಯಿತು. ಮದುಮಕ್ಕಳ ಕುರ್ಚಿಯಲ್ಲಿ ಹುಡುಗಿಯ ಅಪ್ಪ ಅಮ್ಮ ಕೂತರು. ಮದುಮಕ್ಕಳು ಅಲ್ಲಿಂದಲೇ ಅಲಂಕಾರ ಮಾಡಿಕೊಂಡು ಪರದೆಯ ಮೇಲೆ ಬಂದರು. ಅಕ್ಷತೆ ಕುರ್ಚಿ ಕಡೆ ಹಾಕಬೇಕೋ ಪರದೆ ಕಡೆ ಹಾಕಬೇಕೋ, ಇದನ್ನು ಯಾವ ಭಟ್ಟರೂ ಹೇಳಿಕೊಟ್ಟಿಲ್ಲ ನೋಡಿ.

ಅದೇ ದಿನಗಳಲ್ಲಿ ಕಂಪನಿ ಒಂದು ಹೇಳಿಕೆ ಕೊಟ್ಟಿತು. ಸಣ್ಣಪುಟ್ಟ ತಾಂತ್ರಿಕ ತೊಂದರೆ, ಚಳಿಗಾಲದ ವೇಳಾಪಟ್ಟಿ, ಹವಾಮಾನ, ವಿಮಾನಗಳ ದಟ್ಟಣೆ, ಮತ್ತು ಎಲ್ಲಾ ಆದಮೇಲೆ ಕೊನೆಯಲ್ಲಿ ಮೆಲ್ಲಗೆ, ಸಿಬ್ಬಂದಿಯ ಡ್ಯೂಟಿ ಸಮಯದ ಹೊಸ ನಿಯಮ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೇ ಅನ್ನ ಖಾಲಿಯಾದರೆ ಅಡುಗೆಯವನು ಗ್ಯಾಸ್ ಸಣ್ಣಗಿತ್ತು, ಮೋಡ ಆಗಿತ್ತು, ಜನ ಜಾಸ್ತಿ ಬಂದರು, ಸೌಟು ಬೇರೆ ಮುರೀತು ಅಂತ ಹೇಳಿ, ಕೊನೆಗೆ ತಲೆ ಕೆರ್ಕೊಂಡು "ಅಕ್ಕೀನ ತಂದಿರಲಿಲ್ರೀ" ಅಂದ ಹಾಗೆ.

ಅಕ್ಕಿ ತರೋಕೆ, ಅಂದರೆ ಬೇಕಾದಷ್ಟು ಪೈಲಟ್‌ಗಳನ್ನು ಹೊಂದಿಸಿಕೊಳ್ಳೋಕೆ, ಸಮಯ ಇರಲಿಲ್ಲ ಅಂತೇನಿಲ್ಲ. ಪೈಲಟ್‌ಗಳ ವಾರದ ವಿಶ್ರಾಂತಿ 36 ತಾಸಿನಿಂದ 48 ತಾಸಿಗೆ ಏರಬೇಕು, ರಾತ್ರಿ ಲ್ಯಾಂಡಿಂಗ್ 6ರಿಂದ 2ಕ್ಕೆ ಇಳಿಯಬೇಕು ಅಂತ ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಹೇಳಿದ್ದು 2024ರ ಜನವರಿಯಲ್ಲಿ. ಆ ನಿಯಮದ ಎರಡನೇ ಹಂತ ಜಾರಿಯಾದದ್ದು 2025ರ ನವೆಂಬರ್ 1ಕ್ಕೆ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಜಾಸ್ತಿ ವಿಮಾನ ರದ್ದಾದವು. ಅವತ್ತೇ ಆ ಕಂಪನಿಗೆ ನಿಯಮ ಸಡಿಲ ಮಾಡಿಕೊಟ್ಟರು. ಓದದೆ ಬಂದ ಹುಡುಗ ಅತ್ತ ಅಂತ ಪರೀಕ್ಷೆಯನ್ನೇ ಮುಂದೂಡುವ ಹೆಡ್‌ಮಾಸ್ತರರು ನಮ್ಮ ಕಾಲದಲ್ಲಿ ಇರಲಿಲ್ಲ, ಇದ್ದಿದ್ದರೆ ನಾನೂ ಇಂಜಿನಿಯರ್ ಆಗ್ತಿದ್ದೆ.

ಇರಲಿ. ನನಗೆ ಬರೆಯಬೇಕು ಅನಿಸಿದ್ದು ಕೌಂಟರ್‌ನಲ್ಲಿ ನಿಂತವರ ಬಗ್ಗೆ.

ನಮ್ಮ ಓಣಿಯ ಹುಡುಗಿಯೊಬ್ಬಳು ದೊಡ್ಡ ಊರಿನ ವಿಮಾನ ನಿಲ್ದಾಣದಲ್ಲಿ ಗ್ರೌಂಡ್ ಸ್ಟಾಫ್. ಯಾವ ಕಂಪನಿ ಅಂತ ಹೇಳಲ್ಲ, ಅವಳ ಕೆಲಸ ಉಳಿಯಬೇಕಲ್ಲ. ಮೊನ್ನೆ ಊರಿಗೆ ಬಂದಿದ್ದಳು. ಕಟ್ಟೆ ಮೇಲೆ ಕೂತು ಗಿರ್ಮಿಟ್ ತಿನ್ನುತ್ತಾ ಕೇಳಿದೆ, "ಏನವ್ವಾ, ವಿಮಾನ ಯಾಕ ಬರಲಿಲ್ಲಂತ ನಿಂಗ ಗೊತ್ತಿರ್ತೈತೇನು?"

"ಗೊತ್ತಿಲ್ದ ಏನ್ರಿ ಕಾಕಾ? ಪೈಲಟ್ ಇಲ್ಲಂತ ನಮ್ಮ ಚಾ ಅಂಗಡಿ ಹುಡುಗಗೂ ಗೊತ್ತಿರ್ತೈತಿ."

"ಹಂಗಾರ ಜನಕ್ಕ ಹೇಳಬೇಕಿಲ್ಲೋ?"

"ಹೇಳಂಗಿಲ್ರಿ. ಆಪರೇಷನಲ್ ರೀಸನ್ ಅನ್ನಬೇಕು. ನಿಜಾ ಹೇಳಿದ್ರ ಮೆಮೊ. ಹೇಳಲಿಲ್ಲಂದ್ರ ಬೈಗಳ. ಬೈಗಳಕ್ಕ ಸಂಬಳ ಕಟ್ ಆಗೂದಿಲ್ಲ, ಅದಕ್ಕ ಬೈಗಳಾನ ಆರಿಸ್ಕೋತೀವಿ."

ಅವಳ ಕಂಪನಿಯಲ್ಲಿ ಸೋಶಿಯಲ್ ಮೀಡಿಯಾ ನಿಯಮ ಅಂತ ಒಂದು ಪುಸ್ತಕ ಇದೆಯಂತೆ. ಕಂಪನಿ ಬಗ್ಗೆ ಬರೆಯಬಾರದು, ಪತ್ರಿಕೆಯವರ ಹತ್ತಿರ ಮಾತಾಡಬಾರದು, ಸಮವಸ್ತ್ರದಲ್ಲಿ ರೀಲ್ ಮಾಡಬಾರದು, ಬೇರೆ ಯಾರೋ ಬೈದು ಬರೆದರೆ ಅದಕ್ಕೆ ಲೈಕ್ ಒತ್ತಬಾರದು. ದೂರು ಇದ್ದರೆ ಒಳಗೇ ಒಂದು ಇಮೇಲ್ ಇದೆ, ಅದಕ್ಕೆ ಬರೆಯಬೇಕು. ಬರೆದರೆ "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಅಂತ ತಕ್ಷಣ ಉತ್ತರ ಬರುತ್ತೆ. ಎಷ್ಟು ತಕ್ಷಣ ಅಂದರೆ, ಅಲ್ಲಿ ಓದೋಕೆ ಮನುಷ್ಯರೇ ಇಲ್ಲ ಅಂತ ಗೊತ್ತಾಗುವಷ್ಟು. ಮೂರು ಸಲ ಬರೆದಳಂತೆ. ಮೂರು ಸಲವೂ ಅಮೂಲ್ಯ.

ನಿಯಮವೇ ಬೇಡ ಅಂತ ನಾನು ಹೇಳ್ತಿಲ್ಲ. 2008ರಲ್ಲಿ ಇಂಗ್ಲೆಂಡಿನ ವರ್ಜಿನ್ ಅಟ್ಲಾಂಟಿಕ್ ಕಂಪನಿ 13 ಜನ ಸಿಬ್ಬಂದಿಯನ್ನು ಮನೆಗೆ ಕಳಿಸಿತ್ತು. ಫೇಸ್‌ಬುಕ್‌ನಲ್ಲಿ ಪ್ರಯಾಣಿಕರನ್ನು ಕೀಳಾಗಿ ಬೈದಿದ್ದರು, ಜೊತೆಗೆ ವಿಮಾನದಲ್ಲಿ ಜಿರಳೆ ಇವೆ ಅಂತಲೂ ಬರೆದಿದ್ದರು. ದುಡ್ಡು ಕೊಟ್ಟು ಕೂತವರನ್ನು ಬೈದದ್ದು ತಪ್ಪೇ, ಅದಕ್ಕೆ ಕಿವಿ ಹಿಂಡಲಿ. ಆದರೆ ಪ್ರಯಾಣಿಕರನ್ನು ಬೈದದ್ದೂ ಜಿರಳೆ ಬಗ್ಗೆ ಹೇಳಿದ್ದೂ ಒಂದೇ ಪಟ್ಟಿಯಲ್ಲಿ, ಒಂದೇ ಅಪರಾಧವಾಗಿ ಬಂದದ್ದು ನನಗೆ ಮಜಾ ಅನಿಸಿತು. ಮೊದಲನೆಯದರಿಂದ ನನಗೆ ಬೇಜಾರು. ಎರಡನೆಯದು ನನಗೆ ಬೇಕಾದ ಸುದ್ದಿ ಕಣ್ರೀ, ಊಟದ ತಟ್ಟೆ ನನ್ನ ಮುಂದೆ ಇರೋದು.

ಬಾಯಿ ಕಟ್ಟಿದರೆ ಮಾತು ಹೊಟ್ಟೆಯಲ್ಲೇ ಕರಗುತ್ತೆ ಅಂತ ಮ್ಯಾನೇಜ್‌ಮೆಂಟ್ ಓದಿದವರು ನಂಬಿದ್ದಾರೆ. ಕರಗಲ್ಲ. ಎಲ್ಲಿಂದ ಹೊರಬರುತ್ತೆ ಅಂತ ನೋಡಿ. ವಿಮಾನಗಳಿಗೆ 121.5 ಮೆಗಾಹರ್ಟ್ಸ್ ಅಂತ ಒಂದು ಫ್ರೀಕ್ವೆನ್ಸಿ ಇದೆ. ಆಕಾಶದಲ್ಲಿ ಅಪಾಯಕ್ಕೆ ಸಿಕ್ಕವರು ಕಾಪಾಡಿ ಅಂತ ಕೂಗೋಕೆ ಇಟ್ಟ ದಾರಿ ಅದು. 2022ರ ಏಪ್ರಿಲ್‌ನಲ್ಲಿ ಇದೇ ಇಂಡಿಗೋದ ಕೆಲವು ಪೈಲಟ್‌ಗಳು ಅದರಲ್ಲೇ ಸಂಬಳ ಕಡಿಮೆ ಅಂತ ಬಾಯಿಗೆ ಬಂದಂಗೆ ಬೈದುಕೊಂಡರು. ಕೊರೋನಾ ಕಾಲದಲ್ಲಿ ಸಂಬಳ ಕತ್ತರಿಸಿದ್ದರು. ಮುಷ್ಕರಕ್ಕೆ ತಯಾರಿ ನಡೆಸಿದ್ದ ಕೆಲವರನ್ನು ಅದಕ್ಕೆ ಕೆಲವೇ ದಿನ ಮೊದಲು ಅಮಾನತು ಮಾಡಿದ್ದರು. ಅಂದರೆ ನೆಲದ ಮೇಲೆ ಮಾತಾಡಿದರೆ ಅಮಾನತು, ಹಾಗಾಗಿ ಮೂವತ್ತು ಸಾವಿರ ಅಡಿ ಮೇಲೆ ಹೋಗಿ ಮಾತಾಡೋದು! ತಪ್ಪು, ನಿಜವಾಗಿಯೂ ತಪ್ಪು. ಆದರೂ, ಐದನೇ ತಾರೀಕಿಗೆ ಮನೆ ಸಾಲದ ಕಂತು ಕಟ್ಟಬೇಕಾದವನಿಗೆ ಎಮರ್ಜೆನ್ಸಿ ಅಂದರೆ ಏನು ಅಂತ ಬ್ಯಾಂಕಿನವರನ್ನೂ ಒಂದು ಮಾತು ಕೇಳಬೇಕು ಅಲ್ವಾ?

ಅಮೆರಿಕದಲ್ಲಿ ಒಬ್ಬ ಇದ್ದ. ಜೆಟ್‌ಬ್ಲೂ ಕಂಪನಿಯ ಸಿಬ್ಬಂದಿ. 2010ರಲ್ಲಿ, ವಿಮಾನ ಇಳಿದ ಮೇಲೆ, ಮೈಕ್ ಹಿಡಿದು ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿ, ಎರಡು ಬಿಯರ್ ಎತ್ತಿಕೊಂಡು, ತುರ್ತು ಜಾರುಬಂಡೆ ಬಿಚ್ಚಿ ಜಾರಿ ಹೋಗೇಬಿಟ್ಟ. ನಮ್ಮವರು ಹಾಗೆ ಮಾಡಲ್ಲ. ನಮ್ಮದು ಬಡವನ ಸಿಟ್ಟು ದವಡೆಗೆ ಮೂಲ ಅಂತ ಗೊತ್ತಿರುವ ದೇಶ. 2012ರಲ್ಲಿ ಏರ್ ಇಂಡಿಯಾದ ಇಬ್ಬರು ಸಿಬ್ಬಂದಿ ಫೇಸ್‌ಬುಕ್‌ನಲ್ಲಿ ಬರೆದದ್ದಕ್ಕೆ ಮುಂಬೈ ಪೊಲೀಸರು ಅವರನ್ನು ಬಂಧಿಸಿ ಒಳಗೆ ಹಾಕಿದ್ದರು. ಹಾಕಿದ ಸೆಕ್ಷನ್ ಐಟಿ ಕಾಯ್ದೆಯ 66ಎ. ಆ ಸೆಕ್ಷನ್ನೇ ಸರಿಯಿಲ್ಲ ಅಂತ ಸುಪ್ರೀಂ ಕೋರ್ಟ್ ಕಿತ್ತು ಹಾಕಿದ್ದು 2015ರ ಮಾರ್ಚ್‌ನಲ್ಲಿ. ಒಳಗೆ ಕಳೆದ ದಿನಗಳನ್ನು ಮಾತ್ರ ಯಾರೂ ವಾಪಸ್ ಕೊಡಲಿಲ್ಲ. ಟಿಕೆಟ್ ದುಡ್ಡಾದರೂ ಏಳು ದಿನಕ್ಕೋ ಎಂಟು ದಿನಕ್ಕೋ ವಾಪಸ್ ಬರುತ್ತೆ.

ಏನು ಹೇಳಬಾರದು ಅನ್ನೋದಕ್ಕಷ್ಟೇ ನಿಯಮ ಅಂದ್ಕೋಬೇಡಿ. 2019ರ ಮಾರ್ಚ್‌ನಲ್ಲಿ ಏರ್ ಇಂಡಿಯಾ, ಆಗಿನ್ನೂ ಅದು ಸರ್ಕಾರದ್ದು, ಒಂದು ಸುತ್ತೋಲೆ ಹೊರಡಿಸಿತು. ಪ್ರತಿ ಘೋಷಣೆಯ ಕೊನೆಯಲ್ಲಿ ಸ್ವಲ್ಪ ತಡೆದು, ಬಹಳ ಹುರುಪಿನಿಂದ ಜೈ ಹಿಂದ್ ಅನ್ನಬೇಕು. ನಾವೆಲ್ಲ ಅನ್ನೋ ಮಾತೇ, ತಕರಾರಿಲ್ಲ. ಆದರೆ ವಿಮಾನ ನಾಲ್ಕು ತಾಸು ತಡ, ಸ್ವಲ್ಪ ತಡೆದು, ಜೈ ಹಿಂದ್. ಊಟ ಮುಗಿದಿದೆ, ಸ್ವಲ್ಪ ತಡೆದು, ಜೈ ಹಿಂದ್. ಹುರುಪು ಎಷ್ಟಿರಬೇಕು ಅಂತ ಅಳೆಯೋಕೆ ಮೀಟರ್ ಕೊಟ್ಟಿದ್ದರೋ ಏನೋ.

ಹೀಗೆ ಬಾಯಿಯ ದಾರಿ ಎಲ್ಲಾ ಮುಚ್ಚಿದ ಮೇಲೆ ನಮ್ಮ ವಿಮಾನದ ಜನ ಹೊಸ ಭಾಷೆ ಕಂಡುಕೊಂಡರು. ಜ್ವರ. 2022ರ ಜುಲೈ 2ರಂದು ಇಂಡಿಗೋ ಸಿಬ್ಬಂದಿಗೆ ಗುಂಪು ಗುಂಪಾಗಿ ಹುಷಾರಿರಲಿಲ್ಲ. ಅರ್ಧಕ್ಕಿಂತ ಜಾಸ್ತಿ ವಿಮಾನ ತಡವಾದವು. ಅದೇ ದಿನ ಏರ್ ಇಂಡಿಯಾದ ನೇಮಕಾತಿ ಸಂದರ್ಶನ ಇತ್ತು ಅನ್ನೋದು ವೈದ್ಯಲೋಕಕ್ಕೆ ಬಿಟ್ಟ ವಿಷಯ. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ಗೆ ಅಂಟಿತು, ಇನ್ನೂರಕ್ಕೂ ಜಾಸ್ತಿ ಜನ ಮಲಗಿದರು. ಕಂಪನಿ 25 ಜನರನ್ನು ವಜಾ ಮಾಡಿತು. ಲೇಬರ್ ಕಮಿಷನರ್ ಎದುರು ಮಾತುಕತೆ ಆಯಿತು, ವಜಾ ವಾಪಸ್, ಜ್ವರವೂ ವಾಪಸ್. ಕಿಮ್ಸ್‌ನಲ್ಲಿ ಅರ್ಧ ದಿನ ಚೀಟಿ ಹಿಡಿದು ನಿಲ್ಲುವ ನಮಗೆ, ಕೂತು ಮಾತಾಡಿದರೆ ಇಳಿಯುವ ಜ್ವರ ಇದೆ ಅಂತ ಗೊತ್ತೇ ಇರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ನಮ್ಮ ಹಿರಿಯರು ಹೇಳಿದ್ದರು. ಇಲ್ಲಿ ಜ್ವರ ಬಂದಿದ್ದು ಮೇಲಿನ ಮಹಡಿಯ ಲೆಕ್ಕಾಚಾರಕ್ಕೆ, ಬರೆ ಬಿದ್ದಿದ್ದು ಕೌಂಟರ್ ಹುಡುಗಿಗೆ. ಅದಕ್ಕೇ ಈಗ ಎಮ್ಮೆ ತಾನೇ ಮೊದಲು ಜ್ವರ ಬರಿಸಿಕೊಳ್ಳುತ್ತೆ.

ನಮ್ಮ ಧಾರವಾಡ ಬಸ್ಸಿನ ಕಂಡಕ್ಟರ್‌ಗಳೇ ವಾಸಿ ಅನಿಸುತ್ತೆ. ನವಲೂರು ಹತ್ತಿರ ಬಸ್ಸು ನಿಂತರೆ ಮರೆ ಮಾಚೋದೇನಿಲ್ಲ. "ಗಾಡಿ ಮುದಿ ಆಗೈತ್ರಿ, ಬರದು ಕೊಟ್ಟು ತಿಂಗಳಾತು, ಡಿಪೋದಾಗ ಯಾರೂ ನೋಡಂಗಿಲ್ಲ, ಇಳೀರಿ, ಹಿಂದಿನ ಗಾಡಿ ಹತ್ರಿ." ಅಷ್ಟೇ. ಇಳಿದವರು ಅವನನ್ನು ಬೈಯಲ್ಲ. ಅವನ ಜೊತೆ ಸೇರಿಕೊಂಡು ಡಿಪೋದವರನ್ನು ಬೈತಾರೆ, ಒಬ್ಬರು ಅವನಿಗೂ ಎಲೆ ಅಡಿಕೆ ಕೊಡ್ತಾರೆ. ಅವನಿಗೂ ನಡತೆ ನಿಯಮಗಳ ಪುಸ್ತಕ ಇದೆ, ಅದು ಡಿಪೋದ ಬೀರುವಿನಲ್ಲಿ ಭದ್ರವಾಗಿದೆ.

ಇದನ್ನೆಲ್ಲ ಹುಡುಗಿಗೆ ಹೇಳಿದೆ. ನಕ್ಕಳು. ಒಳಗಿಂದ ಅವರ ಅವ್ವ, "ರೊಟ್ಟಿ ಯಾಕ ಹೊತ್ತಸೀದಿ ಅಂತ ಕೇಳಿದ್ರ ಇಕಿ ನನಗೂ ಆಪರೇಷನಲ್ ರೀಸನ್ ಅಂತಾಳ್ರಿ" ಅಂತ ದೂರು ಹೇಳುತ್ತಾ ಚಹಾ ತಂದರು.

"ಮತ್ತ ಯಾವಾಗ ಡ್ಯೂಟಿ?" ಅಂತ ಕೇಳಿದೆ.

"ನಾಳಿಂದ್ರಿ ಕಾಕಾ. ಆದ್ರ ಸೋಮವಾರ ನಮಗೆಲ್ಲಾ ಜ್ವರ ಬರೂದೈತಿ."

ಅವ್ವ ಗಾಬರಿಯಾಗಿ ಕಪ್ಪು ಕೆಳಗಿಟ್ಟು ಮಗಳ ಹಣೆ ಮುಟ್ಟಿ ನೋಡಿದರು. "ತಣ್ಣಗೈತೆಲ್ಲವಾ?"

"ಇವತ್ತಿನ್ನೂ ಶುಕ್ರವಾರ ಯವ್ವಾ" ಅಂದಳು ಹುಡುಗಿ.