ನಿಧಿಯ ಆಸೆಗಲ್ಲ, ಕಳೆದ ಉಂಗುರಕ್ಕಾಗಿ

ಮೆಟಲ್ ಡಿಟೆಕ್ಟರ್ ಹಿಡಿದವರೆಲ್ಲ ನಿಧಿಯ ಆಸೆಗೇ ಶುರು ಮಾಡುತ್ತಾರೆ ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನ ನಮ್ಮ ಮನೆ ಹಿತ್ತಲಲ್ಲಿ ಮೆಂತ್ಯ ಬಿತ್ತುವಾಗ ಹೆಂಡತಿಯ ನಿಶ್ಚಿತಾರ್ಥದ ಉಂಗುರ ಕಳೆದುಹೋಯಿತು, ನಾನು ಡಿಟೆಕ್ಟರ್ ಹಿಡಿದಿದ್ದು ಅದಕ್ಕೆ. ಎರಡು ಸಂಜೆ ಬರೀ ತುಕ್ಕು ಹಿಡಿದ ಮೊಳೆ, ಬಾಟಲಿ ಮುಚ್ಚಳ. ಆಮೇಲೆ ಮಣ್ಣು ಮೆತ್ತಿದ ಉಂಗುರ ಕೈಗೆ ಬಂತು ನೋಡಿ, ಆವತ್ತಿನಿಂದ ಬಿಟ್ಟಿಲ್ಲ.

1992ರಲ್ಲಿ ಇಂಗ್ಲೆಂಡಿನ ಸಫೊಕ್ ಪ್ರಾಂತ್ಯದ ಹಾಕ್ಸನ್ ಹಳ್ಳಿಯಲ್ಲೂ ಹಾಗೇ ಅಲ್ವಾ? ಎರಿಕ್ ಲಾಸ್ ಅನ್ನುವವರು ಡಿಟೆಕ್ಟರ್ ಹಿಡಿದು ಹೊಲಕ್ಕೆ ಇಳಿದಿದ್ದು ರೈತ ಗೆಳೆಯನ ಕಳೆದ ಸುತ್ತಿಗೆ ಹುಡುಕಲು, ಸಿಕ್ಕಿದ್ದು ರೋಮನ್ ಕಾಲದ 14,000ಕ್ಕೂ ಜಾಸ್ತಿ ನಾಣ್ಯ. ಅವರು ಎಲ್ಲವನ್ನೂ ಬಾಚಿಕೊಳ್ಳಲಿಲ್ಲ, ವಿಷಯ ತಿಳಿಸಿ ಉಳಿದಿದ್ದನ್ನು ಪುರಾತತ್ವದವರಿಗೆ ಬಿಟ್ಟರು. ಇಂಥವರನ್ನೂ ಸೇರಿಸಿ ಆಸೆಬುರುಕರು ಅನ್ನುವುದು ಅನ್ಯಾಯ. ಸುತ್ತಿಗೆಯೂ ಸಿಕ್ಕಿತು, ಅದೂ ಬ್ರಿಟಿಷ್ ಮ್ಯೂಸಿಯಂ ಸೇರಿತು.