ಕಾಯಿಲೆ ಬಿದ್ದ ಹಕ್ಕಿಗೆ ಅರಿಶಿನ ಹಾಲು: ಸತ್ಯಾಂಶ

ಸಾಕಿದ ಹಕ್ಕಿ ಮಂಕಾದರೆ ಅದರ ಕೊಕ್ಕಿಗೆ ಅರಿಶಿನ ಹಾಲು ಬಿಡಿ ಎನ್ನುವ ಸಂದೇಶ ಮತ್ತೆ ಮತ್ತೆ ಬರುತ್ತಿರುತ್ತದೆ. ಕಳಿಸುವವರದು ಒಳ್ಳೆಯ ಮನಸ್ಸೇ. ನಮಗೆ ಕೆಮ್ಮು ಬಂದಾಗ ಅಮ್ಮ ಕೊಡುತ್ತಿದ್ದದ್ದೂ ಅದೇ ಅಲ್ವಾ?

ಆದರೆ ಹಕ್ಕಿಗಳು ಹಾಲು ಕುಡಿದು ಬೆಳೆಯುವ ಜೀವಿಗಳಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅವಕ್ಕೆ ಸರಿಯಾಗಿ ಜೀರ್ಣವಾಗುವುದಿಲ್ಲ. ಭೇದಿಯಾಗಿ ಇನ್ನೂ ಸೋಲುತ್ತವೆ. (ಪಾರಿವಾಳ ಮರಿಗೆ ಉಣಿಸುವ 'ಹಾಲು' ಬೇರೆಯೇ. ಅದರಲ್ಲಿ ಲ್ಯಾಕ್ಟೋಸ್ ಇರುವುದಿಲ್ಲ.) ಇದಕ್ಕಿಂತ ದೊಡ್ಡ ಅಪಾಯ ಸುರಿಯುವುದರಲ್ಲಿದೆ. ಹಕ್ಕಿಯ ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ. ಬಲವಂತವಾಗಿ ಬಿಟ್ಟ ಹನಿ ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು.

ಇಂಥ ಸಲಹೆ ಬಂದಾಗ ಒಂದು ನಿಮಿಷ ನೋಡಿ. ಯಾವ ಹಕ್ಕಿ, ಯಾವ ಕಾಯಿಲೆ, ಎಷ್ಟು ಪ್ರಮಾಣ ಎಂದು ಬರೆದಿದೆಯಾ? 'ಹಕ್ಕಿಗೆ ಹಾಲು ಕೊಡಬಹುದೇ' ಎಂದು ಹುಡುಕಿ, ಪಶುವೈದ್ಯರು ಬರೆದದ್ದನ್ನು ಓದಿ. ಹತ್ತಿರದ ಪಶು ಆಸ್ಪತ್ರೆಗೆ ಒಂದು ಫೋನ್ ಮಾಡಿದರೆ ಇನ್ನೂ ಒಳ್ಳೆಯದು.

ವೈದ್ಯರಿಗೆ ತೋರಿಸಿ ಮನೆಗೆ ತಂದ ಮೇಲೆ ಬೇಕಾಗುವುದು ಬೆಚ್ಚಗಿನ, ಸದ್ದಿಲ್ಲದ ಜಾಗ. ಪಂಜರದ ಮೂರು ಬದಿಗೆ ಬಟ್ಟೆ ಹೊದಿಸಿ, ಕಾಳು, ನೀರು ಕೈಗೆಟಕುವಂತೆ, ಅಲ್ಲಲ್ಲ, ಕೊಕ್ಕಿಗೆಟಕುವಂತೆ ಕೆಳಗಿಡಿ. ಅಡುಗೆಮನೆಯಿಂದ ದೂರವಿರಲಿ, ಜಾಸ್ತಿ ಕಾದ ನಾನ್‌ಸ್ಟಿಕ್ ಬಾಣಲೆಯ ಹೊಗೆ ಹಕ್ಕಿಯನ್ನು ಕೊಲ್ಲಬಲ್ಲದು. ದಿನಾ ಬೆಳಿಗ್ಗೆ ಅಡುಗೆಯ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ನಮ್ಮಲ್ಲಿ ಲವ್ ಬರ್ಡ್ ಎಂದೇ ಮಾರುವ ಬಡ್ಜಿ ಸುಮಾರು 30–40 ಗ್ರಾಂ ತೂಗುತ್ತದೆ. ಅದರಲ್ಲಿ 3–4 ಗ್ರಾಂ ಇಳಿದರೂ ಕಾಯಬೇಡಿ, ವೈದ್ಯರಿಗೆ ತಿಳಿಸಿ.