ಕಲ್ಲು ಆರಿಸದ ಅಕ್ಕಿ

ಹಲವು ತಂಡಗಳ ಹಾಡು ಸೇರಿಸಿದ ಸಂಕಲನ ಕೇಳುವವರೆಂದರೆ ಸಂಗೀತದ ಪಂಡಿತರಿಗೆ ಒಂದು ಬಗೆಯ ತಾತ್ಸಾರ. ಆಲ್ಬಮ್ ಎಂದರೆ ಮೊದಲಿಂದ ಕೊನೆಯವರೆಗೆ ಕೂತು ಕೇಳಬೇಕು, ಬೇರೆ ಯಾರೋ ಆರಿಸಿಕೊಟ್ಟ ಹತ್ತು ಹಾಡು ಕೇಳಿ ಇಡೀ ಕಾಲವನ್ನೇ ಬಲ್ಲೆನೆಂದು ಬೀಗಬಾರದು ಎನ್ನುತ್ತಾರೆ. ಬೇರೆ ಸಂಗೀತದ ಮಟ್ಟಿಗೆ ಇದು ಸರಿಯಿದ್ದೀತು. ಎಪ್ಪತ್ತರ ದಶಕದ ಕೊನೆಯಲ್ಲಿ ಪಂಕ್ ಎಂಬ ಒರಟು ರಾಕ್ ಸಂಗೀತದ ಬೆನ್ನಿಗೇ ಬಂದ ಪೋಸ್ಟ್‌ಪಂಕ್ ಮಟ್ಟಿಗೆ ನಾನು ಒಪ್ಪುವುದಿಲ್ಲ. ಆ ಕಾಲದ ಎಷ್ಟೋ ತಂಡಗಳು ಹುಟ್ಟಿ, ಒಂದೇ ಒಂದು ಒಳ್ಳೆಯ ಹಾಡು ಮಾಡಿ, ಜಗಳವಾಡಿಕೊಂಡು ಮನೆಗೆ ಹೋದವು. ಅವುಗಳಿಗೆ ಆಲ್ಬಮ್ಮೇ ಇಲ್ಲ. ಇನ್ನು ಮೊದಲಿಂದ ಕೊನೆಯವರೆಗೆ ಕೇಳುವುದು ಏನನ್ನು?

1978ರ ಜನವರಿಯಲ್ಲಿ ಪಂಕ್‌ಗೆ ಹೆಸರಾಗಿದ್ದ ಇಂಗ್ಲೆಂಡಿನ ಸೆಕ್ಸ್ ಪಿಸ್ಟಲ್ಸ್ ತಂಡ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾರ್ಯಕ್ರಮ ಮುಗಿಸಿ ಚದುರಿಹೋಯಿತು. ಯಾರು ಬೇಕಾದರೂ ಹಾಡಬಹುದು ಎಂದು ಸಾರಿದ ಪಂಕ್ ಅಷ್ಟರಲ್ಲಾಗಲೇ ತಾನೇ ಒಂದು ಅಚ್ಚಿಗೆ ಬಿದ್ದಿತ್ತು. ಆ ಮಾತನ್ನು ಅಕ್ಷರಶಃ ನಂಬಿದವರು ಹಿಂದಿನಿಂದ ಬಂದವರು. ಅವರು ಜಮೈಕಾದ ರೆಗೆ ಸಂಗೀತದಿಂದ ಬೇಸ್ ಗಿಟಾರಿನ ತಗ್ಗುದನಿಯನ್ನೂ ಡಿಸ್ಕೋದಿಂದ ತಾಳವನ್ನೂ ಎತ್ತಿಕೊಂಡರು, ಗಿಟಾರಿಗೆ ಮೂಲೆಯಲ್ಲಿ ನಿಂತು ಕೆರೆಯುವ ಕೆಲಸ ಕೊಟ್ಟರು. ದೊಡ್ಡ ಕಂಪನಿಗಳ ಬಾಗಿಲು ಕಾಯುವ ತಾಳ್ಮೆ ಹಲವರಿಗೆ ಇರಲಿಲ್ಲ. ಸ್ಕ್ರಿಟ್ಟಿ ಪೊಲಿಟ್ಟಿ ಎಂಬ ತಂಡ 1978ರಲ್ಲಿ ತನ್ನ ಮೊದಲ ರೆಕಾರ್ಡನ್ನು ತಾನೇ ಹೊರತಂದು, ಧ್ವನಿಮುದ್ರಣಕ್ಕೆ ಎಷ್ಟಾಯಿತು, ರೆಕಾರ್ಡ್ ಒತ್ತಿಸಲು ಎಷ್ಟಾಯಿತು, ಅದಕ್ಕೆ ಅಂಟಿಸುವ ಲೇಬಲ್ ಚೀಟಿಗೆ ಎಷ್ಟಾಯಿತು ಎಂಬ ಖರ್ಚಿನ ಪಟ್ಟಿಯನ್ನು ಹೊದಿಕೆಯ ಮೇಲೆಯೇ ಅಚ್ಚು ಹಾಕಿತು. ನೋಡಿ, ಇಷ್ಟೇ ದುಡ್ಡು, ನೀವೂ ಮಾಡಿ ಎಂದು ಅರ್ಥ. ಬಹಳ ಜನ ಮಾಡಿದರು. ಒಬ್ಬೊಬ್ಬರದೂ ಒಂದೊಂದು ಪುಟ್ಟ ರೆಕಾರ್ಡ್. ಅದನ್ನೆಲ್ಲ ಒಟ್ಟುಗೂಡಿಸಲು ಯಾರಾದರೂ ಬೇಕಿತ್ತು.

ಒಟ್ಟುಗೂಡಿಸಿದವರಲ್ಲಿ ಎರಡು ಬಗೆ. ಆಗಲೇ ಮಾಡಿದವರು, ಆಮೇಲೆ ಮಾಡಿದವರು. ನನ್ನ ಪಕ್ಷಪಾತ ಮೊದಲಿನವರ ಕಡೆಗೆ. ಏಕೆಂದರೆ ಅವರಿಗೆ ಮುಂದೆ ಏನಾಗುತ್ತದೆಂದು ಗೊತ್ತಿರಲಿಲ್ಲ.

ಮ್ಯಾಂಚೆಸ್ಟರಿನ ಫ್ಯಾಕ್ಟರಿ ರೆಕಾರ್ಡ್ಸ್ ಹೊರತಂದ ಮೊದಲ ರೆಕಾರ್ಡೇ ಒಂದು ಸಂಕಲನ. ಅದರ ಸಂಖ್ಯೆ ಫ್ಯಾಕ್ 2. ಫ್ಯಾಕ್ 1 ಎಲ್ಲಿ ಎಂದು ಹುಡುಕಿದರೆ ಅದೊಂದು ಭಿತ್ತಿಪತ್ರ! ಎರಡು ಪುಟ್ಟ ರೆಕಾರ್ಡುಗಳು, ನಾಲ್ಕು ಮಗ್ಗುಲು, ನಾಲ್ವರಿಗೆ ಸಮಪಾಲು. ಒಂದರಲ್ಲಿ ಜಾಯ್ ಡಿವಿಷನ್, ಇನ್ನೊಂದರಲ್ಲಿ ಡುರುಟ್ಟಿ ಕಾಲಮ್, ಮತ್ತೊಂದರಲ್ಲಿ ಕ್ಯಾಬರೇ ವಾಲ್ಟೇರ್. ಉಳಿದ ಮಗ್ಗುಲಿನಲ್ಲಿ ಜಾನ್ ಡೌವಿ ಎಂಬ ಹಾಸ್ಯಗಾರ. ಇಂದು ಜಾಯ್ ಡಿವಿಷನ್ ಹೆಸರು ಅಂಗಿಯ ಮೇಲೆ ಹಾಕಿಕೊಂಡು ತಿರುಗುವವರಿದ್ದಾರೆ. ಡೌವಿ ಬಂದೊಡನೆ ಎಲ್ಲರೂ ಮುಂದಿನ ಹಾಡಿಗೆ ಹಾರುತ್ತಾರೆ. ನಾನು ಹಾರುವುದಿಲ್ಲ. ಆತ ಮಹಾ ನಗಿಸುತ್ತಾನೆ ಎಂದಲ್ಲ. ನಾಲ್ವರಲ್ಲಿ ದೊಡ್ಡವರು ಯಾರು, ಚಿಕ್ಕವರು ಯಾರು ಎಂದು ಇನ್ನೂ ತೀರ್ಮಾನವಾಗಿರದ ಹೊತ್ತು ಅಲ್ಲಿ ಹಾಗೆಯೇ ಉಳಿದಿದೆ. ಕಲ್ಲು ಆರಿಸದ ಅಕ್ಕಿ ಅದು.

ಅದೇ 1978ರಲ್ಲಿ ನ್ಯೂಯಾರ್ಕಿನ ಕಲಾಗ್ಯಾಲರಿಯೊಂದರಲ್ಲಿ ಕೆಲವು ರಾತ್ರಿಗಳ ಕಾಲ ಹಲವು ತಂಡಗಳು ನುಡಿಸಿದವು. ನೋಡಲು ಹೋಗಿದ್ದ ಇಂಗ್ಲೆಂಡಿನ ಸಂಗೀತಗಾರ, ನಿರ್ಮಾಪಕ ಬ್ರಯನ್ ಈನೊ, ನಾಲ್ಕೇ ನಾಲ್ಕು ತಂಡ ಆರಿಸಿ, ತಲಾ ನಾಲ್ಕು ಹಾಡು ತೆಗೆದುಕೊಂಡು ‘ನೋ ನ್ಯೂಯಾರ್ಕ್’ ಮಾಡಿದ. ಬಿಟ್ಟುಹೋದವರಿಗೆ ಉರಿಯಿತು. ಕನ್ನಡದಲ್ಲಿ ಪ್ರಾತಿನಿಧಿಕ ಸಂಕಲನವೊಂದು ಬಿಡುಗಡೆಯಾದ ಸಂಜೆ ಕಾಫಿಯ ಲೋಟ ಹಿಡಿದು ನಿಂತವರ ಮಾತು ಕೇಳಿದವರಿಗೆ ಆ ಉರಿಯನ್ನು ವಿವರಿಸಬೇಕಿಲ್ಲ. ಆ ರೆಕಾರ್ಡಿನ ಹಾಡುಗಳ ಸಾಹಿತ್ಯವನ್ನು ಒಳಲಕೋಟೆಯ ಒಳಮೈಗೆ ಅಚ್ಚು ಹಾಕಿದ್ದರು. ಓದಬೇಕೆಂದರೆ ಲಕೋಟೆಯನ್ನು ಹರಿಯಬೇಕು. ಹರಿಯದೆ ಇಟ್ಟುಕೊಂಡವರು ಓದಲಿಲ್ಲ, ಓದಿದವರ ಬಳಿ ಲಕೋಟೆ ನೆಟ್ಟಗಿಲ್ಲ.

1981ರ ‘ಸಿ81’ ಕ್ಯಾಸೆಟ್ಟಿನ ಕಥೆ ಬೇರೆ. ಎನ್‌ಎಂಇ ಎಂಬ ಸಂಗೀತ ವಾರಪತ್ರಿಕೆಯೂ ರಫ್ ಟ್ರೇಡ್ ಕಂಪನಿಯೂ ಸೇರಿ ತಂದದ್ದು. ಪತ್ರಿಕೆಯಲ್ಲಿ ಬಂದ ಕೂಪನ್ ಕತ್ತರಿಸಿ, ಹಣದ ಜೊತೆ ಅಂಚೆಗೆ ಹಾಕಿದರೆ ಮನೆಗೆ ಬರುತ್ತಿತ್ತು. ಮೊದಲ ಹಾಡು ಯಾರದು? ಖರ್ಚಿನ ಪಟ್ಟಿ ಅಚ್ಚು ಹಾಕಿದ್ದ ಅದೇ ಸ್ಕ್ರಿಟ್ಟಿ ಪೊಲಿಟ್ಟಿಯದು. ಆದರೆ ಮೂರು ವರ್ಷದಲ್ಲಿ ಅವರ ದನಿಗೆ ಜೇನು ಸವರಿತ್ತು. ಒರಟು ಗಿಟಾರಿನ ಜಾಗದಲ್ಲಿ ಮೆತ್ತನೆಯ ಕೀಬೋರ್ಡ್, ಮೇಲೆ ಪ್ರೇಮಗೀತೆ ಹಾಡುವವನ ಕಂಠ. ಸಿದ್ಧಾಂತ ಬಿಟ್ಟು ಸಂಸಾರಕ್ಕೆ ಇಳಿದರು ಎಂದು ಗೊಣಗಿದವರು ಇದ್ದಿರಬೇಕು. ನನಗೆ ಆ ಹಾಡು ಬಹಳ ಇಷ್ಟ. ಅದರ ಜೊತೆಗೇ ಆ ಕ್ಯಾಸೆಟ್ಟಿನಲ್ಲಿ ಪದ್ಯ ಓದುವ ಜಾನ್ ಕೂಪರ್ ಕ್ಲಾರ್ಕ್, ಜಾಝ್ ಗಿಟಾರಿನ ಜೇಮ್ಸ್ ಬ್ಲಡ್ ಉಲ್ಮರ್ ಎಲ್ಲ ಒಟ್ಟಿಗೆ ಕೂತಿದ್ದಾರೆ.

ಮರುವರ್ಷ ಚೆರ್ರಿ ರೆಡ್ ಕಂಪನಿ 99 ಪೆನ್ಸಿಗೆ ಒಂದು ಸಂಕಲನ ಮಾರಿತು. ಅದರಲ್ಲಿರುವ ಮೊನೊಕ್ರೋಮ್ ಸೆಟ್ ತಂಡದ ಗಾಯಕನ ಹೆಸರು ಬಿಡ್. ಪೂರ್ತಿ ಹೆಸರು ಗಣೇಶ್ ಶೇಷಾದ್ರಿ! ಓದಿದಾಗ ನಮ್ಮ ಶೇಷಾದ್ರಿಪುರದ ಕಡೆಯವನೇನೋ ಎಂದು ಮನಸ್ಸು ಒಂದು ಗಳಿಗೆ ಆಸೆಪಟ್ಟಿತು. ಅಂಥದ್ದೇನೂ ಇಲ್ಲ. ಆದರೂ ಆ ಹಾಡಿಗೆ ನಾನು ಸ್ವಲ್ಪ ಹೆಚ್ಚು ಅಂಕ ಕೊಡುತ್ತೇನೆ.

ಆಮೇಲೆ ಮಾಡಿದವರ ಭರಾಟೆ ಶುರುವಾದದ್ದು 2000ದ ಈಚೆಗೆ. ಹೊಸ ಹುಡುಗರ ತಂಡಗಳು ಆ ಹಳೆಯ ಗಿಟಾರಿನ ಕೆರೆತವನ್ನು ಮತ್ತೆ ಚಲಾವಣೆಗೆ ತಂದಿದ್ದವು. ಸೋಲ್ ಜಾಝ್ ಎಂಬ ರೆಕಾರ್ಡ್ ಕಂಪನಿ, ರಫ್ ಟ್ರೇಡ್ ಅಂಗಡಿ, ಹೀಗೆ ಒಬ್ಬರಾದ ಮೇಲೆ ಒಬ್ಬರು ಸಂಕಲನ ತಂದರು. ಇವರು ಕಲ್ಲು ಆರಿಸಿದವರು. ರೆಗೆ ಮರುಮುದ್ರಣಕ್ಕೆ ಹೆಸರಾದ ಸೋಲ್ ಜಾಝ್‌ನ ಕಿವಿ ಸಹಜವಾಗಿಯೇ ಬೇಸಿನ ಕಡೆಗೆ ಹೋಯಿತು. ಅವರ ಸಂಕಲನ ಕೇಳಿದರೆ 1979ರ ಇಂಗ್ಲೆಂಡಿನಲ್ಲಿ ಎಲ್ಲರೂ ಕುಣಿಯುತ್ತಲೇ ಇದ್ದರು ಎನಿಸುತ್ತದೆ. ಅಮೆರಿಕದ ಚಕ್ ವಾರ್ನರ್ ಮಾತ್ರ ಹಟಕ್ಕೆ ಬಿದ್ದು ಯಾರೂ ಕೇಳದವರನ್ನೇ ಹುಡುಕಿ, ಲಂಡನ್, ಮ್ಯಾಂಚೆಸ್ಟರ್, ಸೌತ್ ವೇಲ್ಸ್ ಎಂದು ಊರು ಊರಿಗೆ ಬೇರೆ ಸಿಡಿ ಮಾಡಿದ. ‘ಮೆಸ್ಥೆಟಿಕ್ಸ್’ ಎಂದು ಹೆಸರಿಟ್ಟ. ಅದೂ ಸ್ಕ್ರಿಟ್ಟಿಯವರದೇ ಒಂದು ಹಾಡಿನ ಹೆಸರು.

ಕಲ್ಲು ಆರಿಸಿದವರೂ ಆರಿಸದವರೂ ಕೈಬಿಡದ ಹಾಡೊಂದಿದೆ. ಲೀಡ್ಸ್‌ನ ಡೆಲ್ಟಾ 5 ತಂಡದ್ದು, 1979ರದು. ಎರಡು ಬೇಸ್ ಗಿಟಾರುಗಳು ಒಂದರ ಕಾಲು ಒಂದು ತುಳಿಯುತ್ತ ನಡೆಯುತ್ತವೆ. ಮೇಲೆ ಭಾವವೇ ಇಲ್ಲದ ಹೆಣ್ಣುದನಿಗಳು. ನಿನ್ನ ಐಸ್‌ಕ್ರೀಮಿನಲ್ಲಿ ನನಗೊಂದು ಚೂರು ಕೊಡುತ್ತೀಯಾ ಎಂದು ಪ್ರಶ್ನೆ, ನಿನ್ನ ಕೆಲಸ ನೀನು ನೋಡಿಕೋ ಎಂದು ಉತ್ತರ. ಅಷ್ಟೇ. 2021ರಲ್ಲಿ ಆಪಲ್ ಕಂಪನಿ ಐಫೋನಿನ ಜಾಹೀರಾತಿಗೆ ಇದನ್ನೇ ಬಳಸಿಕೊಂಡಿತು. ನಿಮ್ಮ ಗುಟ್ಟು ನಮ್ಮಲ್ಲಿ ಭದ್ರ ಎಂದು ಹೇಳುವುದಕ್ಕೆ!

ಸಂಕಲನದಿಂದಲೇ ಬಾಳು ಕಂಡವರೂ ಇದ್ದಾರೆ. ವೇಲ್ಸ್‌ನ ಕಾರ್ಡಿಫ್ ಊರಿನ ಯಂಗ್ ಮಾರ್ಬಲ್ ಜೈಂಟ್ಸ್ ತಂಡ 1979ರಲ್ಲಿ ಊರಿನ ತಂಡಗಳೆಲ್ಲ ಸೇರಿ ತಂದ ಒಂದು ರೆಕಾರ್ಡಿಗೆ ತಮ್ಮ ಹಾಡು ಕೊಟ್ಟಿತು. ಇಬ್ಬರು ಅಣ್ಣತಮ್ಮಂದಿರು, ಒಬ್ಬ ಹುಡುಗಿ, ಡ್ರಮ್ ಬಾರಿಸುವವನ ಬದಲು ಒಂದು ಯಂತ್ರ. ಅದನ್ನು ಕೇಳಿದ ರಫ್ ಟ್ರೇಡ್‌ನವರು ಇಡೀ ಆಲ್ಬಮ್ ಮಾಡಿ ಎಂದರು. 1980ರಲ್ಲಿ ಆಲ್ಬಮ್ ಬಂತು. ಹೆಚ್ಚು ದಿನ ಹೋಗಲಿಲ್ಲ, ತಂಡ ಒಡೆಯಿತು. ಆ ಊರಿನ ರೆಕಾರ್ಡಿನಲ್ಲಿದ್ದ ಉಳಿದ ತಂಡಗಳಿಗೆ ಯಾರೂ ಕಾಗದ ಬರೆಯಲಿಲ್ಲವಲ್ಲ, ಪಾಪ, ಎಂದು ನನ್ನ ಪಕ್ಷಪಾತಕ್ಕೆ ತಕ್ಕಂತೆ ಅವುಗಳನ್ನೂ ಶ್ರದ್ಧೆಯಿಂದ ಕೂತು ಕೇಳಿದೆ. ರಫ್ ಟ್ರೇಡ್‌ನವರ ಕಿವಿ ನೆಟ್ಟಗೇ ಇತ್ತು.